ಕೌದಿಯ ಹೊಟ್ಟೆ

"ಇನ್ನೊಂದು ಹಾಕು," ಎಂದಳು ಡಾಕ್ಟರ್ ಶಿವಕುಮಾರಿ, ಕಿವಿಯಿಂದ ಸ್ಟೆತೊಸ್ಕೋಪ್ ತೆಗೆಯದೆ.

ಸೌಮ್ಯಾಳ ಎದೆಯೊಳಗೆ ನೀರು ಇನ್ನೂ ಗೊರಗೊರ ಅನ್ನುತ್ತಿತ್ತು. ಬಾಯಿಯ ಬದಿಯಿಂದ ಜೊಲ್ಲು ಇಳಿದು ದಿಂಬು ತೊಯ್ದಿತ್ತು. ಕೆನ್ನೆಯ ಚರ್ಮದಡಿಯಲ್ಲಿ ಸ್ನಾಯುಗಳು ಹುಳ ಹರಿದಾಡಿದ ಹಾಗೆ ಮಿಡುಕುತ್ತಿದ್ದವು.

"ಮೇಡಂ, ನಾಡಿ ನೂರಿಪ್ಪತ್ತು ದಾಟಿತು," ಎಂದಳು ನರ್ಸ್ ಯಕ್ಷಿತಾ. "ಸಾಕಲ್ವಾ?"

"ನಾಡಿ ನೋಡಿ ನಿಲ್ಲಿಸೋ ಔಷಧ ಅಲ್ಲ ಅಟ್ರೋಪಿನ್. ಎದೆ ಒಣಗಬೇಕು. ಹಾಕು."

ಹನ್ನೊಂದು ದಿನದಲ್ಲಿ ಇದು ಮೂರನೆಯ ಸಲ. ಹೊಲಕ್ಕೆ ಹೊಡೆಯುವ ಕೀಟನಾಶಕದ ವಿಷ. ರಕ್ತಪರೀಕ್ಷೆ ಪ್ರತಿ ಸಲವೂ ಅದನ್ನೇ ಹೇಳಿತ್ತು. ಮೊದಲ ಸಲ ಸೌಮ್ಯಾ ವಡಾಲದ ಮನೆಯಲ್ಲಿ ಬಿದ್ದಳು. ಆಮೇಲಿನ ಎರಡು ಸಲ ಪರೇಲ್‌ನ ಈ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಎಲ್ಲರ ಕಣ್ಣೆದುರಿಗೇ. ಎರಡು ಸಲವೂ ಸ್ಟ್ರೆಚರ್ ಓಡಿಸಿಕೊಂಡು ಕೆಳಗೆ ಕ್ಯಾಶುವಲ್ಟಿಗೆ ತಂದಿದ್ದರು.

ಹೊರಗೆ ಸೌಮ್ಯಾಳ ಗಂಡ ಶಿವಪುತ್ರ ಬಾಗಿಲು ಗುದ್ದುತ್ತಿದ್ದ. "ಇದು ದವಾಖಾನಿ ಐತೋ ಕಸಾಯಿಖಾನಿ ಐತೋ? ಆ ಡಾಕ್ಟರಬಾಯಿನ ಹೊರಗ ಕಳಸ್ರಿ." ಇಬ್ಬರು ವಾಚ್‌ಮನ್‌ಗಳು ಅವನ ರಟ್ಟೆ ಹಿಡಿದಿದ್ದರು. ಬೆಳಿಗ್ಗೆಯಷ್ಟೇ ಟ್ರಸ್ಟಿಯೊಬ್ಬರು ಫೋನ್ ಮಾಡಿ, ಔಷಧ ಅವಧಿ ಮುಗಿದದ್ದೇನಾದರೂ ಕೊಟ್ಟಿರಾ ಎಂದು ಕೇಳಿದ್ದರು. ಧ್ವನಿಯಲ್ಲಿ ಪ್ರಶ್ನೆ ಇರಲಿಲ್ಲ.

ಬಲಗೈಯ ನರ ಊದಿಕೊಂಡು ಸಲೈನ್ ನಿಂತಿತ್ತು. ಶಿವಕುಮಾರಿ ಎಡಗೈ ಎತ್ತಿಕೊಂಡಳು. ಮೊದಲ ದಿನ ಅತ್ತೆ ಗುರುಬಾಯಿ ಅಡ್ಡ ಬಂದಿದ್ದಳು: "ಎಡಗೈಗೆ ಚುಚ್ಚಬ್ಯಾಡ್ರಿ. ಬೈದು ಬೈದು ಉಣ್ಣೂದೊಂದು ಬಲಗೈಗೆ ತಂದೀನಿ. ಉಳಿದ ಕೆಲಸ ಎಲ್ಲಾ ಆಕಿಗೆ ಎಡಗೈನ." ಈಗ ಕೇಳಲು ವ್ಯವಧಾನವಿರಲಿಲ್ಲ. ಸೂಜಿ ಒಳಗಿಳಿಯಿತು.

ಪರದೆ ಸರಿಸಿ ಪಿಎಸ್‌ಐ ಅಕ್ಷಯ ಒಳಗೆ ಬಂದ. ನಿಪ್ಪಾಣಿ ಕಡೆಯವನು. ಕನ್ನಡ ಬರುತ್ತದೆಂಬ ಒಂದೇ ಕಾರಣಕ್ಕೆ ಈ ಕೇಸು ತನ್ನ ಕೊರಳಿಗೆ ಬಿತ್ತೆಂದು ಮೊದಲ ದಿನವೇ ಗೊಣಗಿದ್ದ.

"ಮ್ಯಾಡಮ್, ಪೇಷಂಟ್ ಮಾತಾಡ್ತಾಳೇನು?"

"ನೀವ ನೋಡ್ರಿ. ಮಾತಾಡೂ ಹಂಗ ಕಾಣ್ತಾಳೇನು?"

"ಮುಂಜಾನೆ ಮಾತಾಡ್ಯಾಳ. ಆ ಶೀತಲ್ ಡಬ್ಬಿ ತಗೊಂಡು ಹಾಸಿಗಿ ಹತ್ರ ನಿಂತ ಕೂಡಲೆ 'ಬ್ಯಾಡ, ಬ್ಯಾಡ' ಅಂತ ಒದರ್ಯಾಳ. ವಾರ್ಡಿನಾಗ ಆರು ಮಂದಿ ಕೇಳ್ಯಾರ."

ಶೀತಲ್ ಸೌಮ್ಯಾಳ ಮೈದುನನ ಹೆಂಡತಿ. ಸಾಂತಾಕ್ರೂಜ್‌ನಲ್ಲಿ ಹುಟ್ಟಿ ಬೆಳೆದವಳು. ಏಳು ತಿಂಗಳ ಗರ್ಭಿಣಿ. ಸೌಮ್ಯಾ ವಾರ್ಡಿನಲ್ಲಿದ್ದ ದಿನವೆಲ್ಲ ವಡಾಲದಿಂದ ಊಟದ ಡಬ್ಬಿ ತಂದವಳು ಅವಳೇ. ನಡುವೆ ಐಸಿಯುನಲ್ಲಿದ್ದ ದಿನಗಳಲ್ಲಿ ಹೊರಗಿನ ಡಬ್ಬಿಗೆ ಅನುಮತಿ ಇರಲಿಲ್ಲ. ಆ ದಿನಗಳಲ್ಲಿ ಸೌಮ್ಯಾ ಚೇತರಿಸಿಕೊಂಡಿದ್ದಳು. ಅಕ್ಷಯನ ಲೆಕ್ಕ ಅಷ್ಟು ಸರಳವಾಗಿತ್ತು.

"ಏಳು ತಿಂಗಳ ಬಸುರಿನ ಠಾಣೆದಾಗ ಕೂಡಸ್ತೀರೇನು?"

"ಬಸುರಿ ವಿಷಾ ಹಾಕಬಾರದು ಅಂತ ಕಾಯ್ದೆ ಏನಿಲ್ಲಲ್ಲ."

"ಡಬ್ಬಿ ಅನ್ನದ ರಿಪೋರ್ಟ್ ಬರ್ಲಿ."

"ತಿಂಗಳು ಬೇಕು. ಅಲ್ಲೀಮಟ ಈಕಿ ಇರ್ತಾಳೇನು?" ಅವನು ಗದ್ದದಿಂದ ಹಾಸಿಗೆಯ ಕಡೆ ತೋರಿಸಿದ. "ಮೂರು ಸಲ ನೀವು ಔಷಧ ಕೊಟ್ರಿ, ಮೂರು ಸಲ ಆಕಿ ವಿಷಾ ಕೊಟ್ಟಳು. ನಾಲ್ಕನೇದಕ್ಕ ನಾ ಬಿಡಂಗಿಲ್ಲ. ಒಂದು ಗಂಟಿಗೆ ವ್ಯಾನ್ ಬರ್ತದ."

ಗೋಡೆಯ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು.

ಪರದೆಯಾಚೆಯ ಬೆಂಚಿನಿಂದ ಶೀತಲ್‌ಳ ಧ್ವನಿ ಬಂತು. "ಹೌದು, ಸೌಮ್ಯಾ ಭಾಭಿ ನಂಗೆ ಪಸಂದ್ ಇಲ್ಲ. ನನ್ನ ಹೊಟ್ಟೆ ನೋಡಿದ್ರೆ ಮುಖ ತಿರುಗಿಸ್ತಿದ್ರು. ಫಿರ್ ಭೀ ದಿನಾ ಡಬ್ಬಾ ತಂದೆ. ಝಹರ್ ಹಾಕೋದಿದ್ರೆ ಇತನಾ ಮೆಹನತ್ ಯಾಕೆ ಸಾಬ್?"

"ಬಾಯಿ ಮುಚ್ಚಕೊಂಡು ಕೂಡು," ಎಂದ ಅಕ್ಷಯ, ಆ ಕಡೆ ನೋಡದೆಯೇ.

ಇಪ್ಪತ್ತೆರಡು ವರ್ಷ ಕ್ಯಾಶುವಲ್ಟಿಯಲ್ಲಿ ಕಳೆದ ಶಿವಕುಮಾರಿಗೆ ಈ ಧಾಟಿ ಹೊಸದಲ್ಲ. ವಿಷದ ಕೇಸು ಬಂತೆಂದರೆ ಎಲ್ಲರ ಕಣ್ಣು ಮೊದಲು ಒಲೆಯ ಕಡೆ ತಿರುಗುತ್ತದೆ. ಯಾರು ಕುದಿಸಿದರು, ಯಾರು ಬಡಿಸಿದರು, ಯಾರ ಬಳೆ ಆ ಬಟ್ಟಲಿಗೆ ತಾಗಿತು. ಅಡುಗೆ ಮಾಡಿ ಹಾಕಿದ ಹೆಂಗಸಿನ ಕೈ ಇಷ್ಟು ಸುಲಭವಾಗಿ ಅಪರಾಧಿಯ ಕೈಯಾಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಕೆಲವು ಸಲ ಅದು ನಿಜವೂ ಆಗಿರುತ್ತಿತ್ತು.

ಅವಳು ಟಾರ್ಚ್ ಹಿಡಿದು ಸೌಮ್ಯಾಳ ರೆಪ್ಪೆ ಎತ್ತಿದಳು. ಎಡಗಣ್ಣಿನ ಪಾಪೆ ಸೂಜಿಮೊನೆಯಷ್ಟು. ಬಲಗಣ್ಣಿನದು ಮೆಣಸಿನ ಕಾಳಿನಷ್ಟು. ಮತ್ತೆ ಎಡ, ಮತ್ತೆ ಬಲ.

ಹೊಟ್ಟೆಗೆ ಹೋದ ವಿಷ ರಕ್ತದಲ್ಲಿ ಬೆರೆತು ಎರಡು ಕಣ್ಣಿಗೂ ಒಂದೇ ಸಮ ತಲುಪುತ್ತದೆ. ಅದಕ್ಕೆ ಎಡ ಬಲ ಗೊತ್ತಿರುವುದಿಲ್ಲ. ಒಂದು ಕಣ್ಣು ಮಾತ್ರ ಹೀಗೆ ಮುದುಡಿದೆ ಎಂದರೆ ವಿಷ ಆ ಕಣ್ಣಿನ ಹತ್ತಿರವೇ ಎಲ್ಲೋ ಇದೆ. ಮಿಡುಕುತ್ತಿದ್ದದ್ದೂ ಎಡಗೆನ್ನೆಯೇ.

"ಯಕ್ಷಿತಾ, ಈಕೆ ಯಾವ ಮಗ್ಗುಲಿಗೆ ಮಲಗ್ತಾಳೆ?"

ತಿರುಗಿ ನೋಡಿದರೆ ಯಕ್ಷಿತಾ ಟ್ರಾಲಿಯ ಅಂಚು ಹಿಡಿದು ನಿಂತಿದ್ದಳು. ಮೇಲ್ದುಟಿಯ ಮೇಲೆ ಬೆವರು.

"ಏನಾಯ್ತು?"

"ಎಂತ ಇಲ್ಲ ಮೇಡಂ. ಇವತ್ತು ಸಂಕಷ್ಟಿ ಅಲ್ವಾ, ಉಪವಾಸ. ಬೆಳಿಗ್ಗೆಯಿಂದ ನೀರೂ ಕುಡಿಲಿಲ್ಲ. ಈ ಒಂದು ಕಣ್ಣು ಮಾತ್ರ ಮಂಜು ಮಂಜು ಕಾಣ್ತದೆ. ಬಾಯಲ್ಲಿ ಸುಮ್ಮನೆ ನೀರು ಬರ್ತದೆ."

ಉಪವಾಸದಲ್ಲಿ ಬಾಯಿ ಒಣಗುತ್ತದೆ. ಶಿವಕುಮಾರಿ ಟಾರ್ಚನ್ನು ಅವಳ ಮುಖಕ್ಕೆ ಹಿಡಿದಳು. ಬಲಗಣ್ಣಿನ ಪಾಪೆ ಸೂಜಿಮೊನೆ.

"ಡಬ್ಬಿಯ ಅನ್ನ ಮುಟ್ಟಿದೆಯಾ?"

"ಇಲ್ಲ ಮೇಡಂ. ಅದು ಪೊಲೀಸರ ಹತ್ರ ಉಂಟು."

"ಮತ್ತೇನು ಮುಟ್ಟಿದೆ? ಈಕೆಯನ್ನು ಕೆಳಗೆ ತಂದಾಗಿನಿಂದ ಒಂದೊಂದಾಗಿ ಹೇಳು."

ಯಕ್ಷಿತಾ ಯೋಚಿಸಿ ಹೇಳಿದಳು. ಬಿಪಿ ಪಟ್ಟಿ. ಸಲೈನ್ ಬಾಟಲಿ. ಸೀರೆ ಬಿಚ್ಚಿದಳು, ಗ್ಲೌಸ್ ಹಾಕಿಕೊಂಡೇ. "ಮತ್ತೆ ಅವಳು ಹೊದ್ದಿದ್ದ ಆ ಕೌದಿ. ಅದರ ಒಂದು ಮೂಲೆ ಜೊಲ್ಲಿಂದ ಒದ್ದೆ ಆಗಿತ್ತು. ಹಿಂಡಿ ಮಡಿಸಿ ಚೀಲಕ್ಕೆ ಹಾಕಿದೆ. ಆವಾಗ ಗ್ಲೌಸ್ ಇರಲಿಲ್ಲ. ಆಮೇಲೆ ಬೆವರು ಒರೆಸಿಕೊಂಡೆ."

ಶಿವಕುಮಾರಿ ಅವಳ ಕೈ ಹಿಡಿದು ಸಿಂಕಿನ ಕಡೆ ಎಳೆದುಕೊಂಡು ಹೋದಳು.

"ಸೋಪು. ಕೈ, ಮುಖ, ಮೂರು ಸಲ. ಕಣ್ಣಿಗೆ ನೀರು ಬಿಡ್ತಾನೇ ಇರು. ಯೂನಿಫಾರ್ಮ್ ತೆಗೆದು ಚೀಲಕ್ಕೆ ಹಾಕು, ಆಮೇಲೆ ಪಕ್ಕದ ಹಾಸಿಗೆಯಲ್ಲಿ ಮಲಗು. ಮುಜುಗರ ಬೇಡ." ಇನ್ನಿಬ್ಬರು ನರ್ಸುಗಳನ್ನು ಕೂಗಿದಳು. "ಸೌಮ್ಯಾಗೆ ಮತ್ತೆ ತಲೆಯಿಂದ ಕಾಲಿನ ತನಕ ಸೋಪಿನ ಸ್ನಾನ, ಕೂದಲಿಗೂ. ಎಲ್ಲರೂ ಎರಡೆರಡು ಗ್ಲೌಸ್ ಹಾಕ್ಕೊಳ್ಳಿ."

ಹಾಸಿಗೆಯಡಿಯ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಹಸಿರು, ಕೆಂಪು, ಅರಿಶಿನ ಬಣ್ಣದ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ.

ಹೋದ ಸಲವೂ ಇದು ಇಲ್ಲೇ ಇತ್ತು. ಸೌಮ್ಯಾಳನ್ನು ಐಸಿಯುಗೆ ಕಳಿಸುವಾಗ, ಪೇಷಂಟಿನ ಸಾಮಾನು ಸಂಬಂಧಿಕರಿಗೆ ಕೊಟ್ಟು ಸಹಿ ತೆಗೆದುಕೊಳ್ಳಿ ಎಂದಿದ್ದವಳು ಶಿವಕುಮಾರಿಯೇ. ಆಸ್ಪತ್ರೆಯ ರೂಢಿ. ಸೌಮ್ಯಾ ವಾರ್ಡಿಗೆ ಮರಳಿದಾಗ ಅದೂ ಮರಳಿತ್ತು. ಡಬ್ಬಿಯಂತೆ ಕೌದಿಗೂ ಐಸಿಯು ಒಳಗೆ ಅನುಮತಿ ಇಲ್ಲ. ಅದನ್ನು ಯಾರೂ ಯೋಚಿಸಿರಲಿಲ್ಲ, ಅವಳೂ.

ವಿಷ ಈ ಕೌದಿಯಲ್ಲಿದೆ ಎಂದು ಅವಳು ಹೇಳಿದಾಗ ಅಕ್ಷಯ ನಕ್ಕ.

"ಹೊದಿಕಿ ಕೊಲೆ ಮಾಡ್ತದೇನು ಮ್ಯಾಡಮ್?"

"ಉಪವಾಸ ಇದ್ದ ನನ್ನ ನರ್ಸಿಗೆ ವಿಷ ಏರ್ಯಾದ. ಆಕಿ ಡಬ್ಬಿ ಮುಟ್ಟಿಲ್ಲ, ಕೌದಿ ಮುಟ್ಯಾಳ. ಆ ಹುಡುಗಿನ ನೀವು ಒಯ್ದ ಮ್ಯಾಲ ಇದು ನಿಜಾ ಅಂತ ಗೊತ್ತಾದ್ರ, ನಿಮ್ಮ ಮ್ಯಾಲ ಬರೆದು ಕೊಡೋಳು ನಾನ. ಸಾಕ್ಷಿಗೆ ಪಂಚರನ್ನ ಕರಸ್ರಿ. ನಿಮ್ಮ ಮುಂದನ ಬಿಚ್ಚೂಣು."

ಅವನ ನಗು ನಿಂತಿತು. ಪಂಚರನ್ನು ಹುಡುಕಿ ತರಲು ಹೊರಗೆ ಹೋದ. "ಹದಿನೈದು ಮಿನಿಟು," ಎಂದ ಹೋಗುವಾಗ. "ವ್ಯಾನ್ ಮಾತ್ರ ಒಂದಕ್ಕ ಬರ್ತದ."

ಆ ಹದಿನೈದು ನಿಮಿಷ ಶಿವಕುಮಾರಿಗೆ ಬೇಕಾಗಿತ್ತು. ಅವಳು ಗುರುಬಾಯಿಯನ್ನು ಡ್ರೆಸಿಂಗ್ ಕೋಣೆಗೆ ಕರೆದು ಬಾಗಿಲು ಹಾಕಿದಳು. ಕೌದಿಯ ಚೀಲ ಮೇಜಿನ ಮೇಲಿತ್ತು.

ಅರವತ್ತೈದು ದಾಟಿದ ಹೆಂಗಸು, ಕಚ್ಚೆ ಬಿಗಿದು ಉಟ್ಟ ಸೀರೆ, ಹಣೆಯಲ್ಲಿ ವಿಭೂತಿ. ಕೂರು ಎಂದರೂ ಕೂರಲಿಲ್ಲ.

"ಇದು ಯಾರು ಹೊಲಿದದ್ದು ಮಾವಶಿ?"

"ನಾನ. ಮತ್ಯಾರು ಹೊಲೀತಾರ? ಆ ಸಾಂತಾಕ್ರೂಜ್ ರಾಣಿ ಹೊಲೀತಾಳೇನು?"

"ಯಾವಾಗಿಂದು?"

"ಹಳೇದು."

ಶಿವಕುಮಾರಿ ಚೀಲದ ಮೇಲಿಂದಲೇ ಬಟ್ಟೆಯನ್ನು ನೋಡಿದಳು. ಅವಳ ತಾಯಿ ವಿಜಯಪುರದಿಂದ ಬಂದವಳು. ವಡಾಲದ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಮಧ್ಯಾಹ್ನವೆಲ್ಲ ನೆಲದ ಮೇಲೆ ಬಟ್ಟೆ ಹರಡಿ ಕೌದಿ ಹೊಲಿಯುತ್ತಿದ್ದಳು. ಹೊದ್ದ ಕೌದಿಯ ದಾರ ಮಾಸಿ ಬಟ್ಟೆಯೊಳಗೆ ಹುದುಗಿಹೋಗುತ್ತದೆ. ಈ ದಾರ ಇನ್ನೂ ಹಾಲಿನಂತೆ ಬೆಳ್ಳಗೆ ಎದ್ದು ನಿಂತಿತ್ತು.

"ಸುಳ್ಳು ಹೇಳಬ್ಯಾಡ್ರಿ. ಇದು ಹೊಸದು. ನಮ್ಮವ್ವನೂ ಹೊಲೀತಿದ್ಲು."

"ನಿಮ್ಮವ್ವ ಹೊಲದಿದ್ರ ನಿಮಗ ಗೊತ್ತಿರಬೇಕಿತ್ತು, ಮಂದಿ ಕೌದಿಗೆ ಕೈ ಹಾಕಬಾರದು ಅಂತ."

"ನಿಮ್ಮ ಸೊಸಿ ಸಾಯಾಕ ಹತ್ಯಾಳ ಮಾವಶಿ."

"ನೀವು ಉಳಸ್ರಿ. ಅದಕ್ಕ ಪಗಾರ ತಗೋತೀರಿ." ಮುದುಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಕಿ ಸೊಸಿ ಅಲ್ಲ. ನಮ್ಮಣ್ಣನ ಮಗಳು. ಹತ್ತು ವರ್ಷದಾಕಿ ಇದ್ದಾಗಿಂದ ನನ್ನ ಸೆರಗಿನಾಗ ಬೆಳದಾಳ."

"ಹಂಗಾರ ಹೇಳ್ರಿ. ಹೊಸಾ ಕೌದಿನ ಹಳೇದು ಅಂತ ಯಾಕ ಹೇಳಿದ್ರಿ? ಪೊಲೀಸರು ಇದನ್ನ ಕೇಳೂದಿಲ್ಲ. ವಿಷಾ ಇದ್ದ ಕೌದಿ ಹೊಲಿದಾಕಿ ನೀವು, ತಂದಾಕಿ ನೀವು, ಹೊಚ್ಚಿದಾಕಿ ನೀವು."

ಗುರುಬಾಯಿಯ ಧ್ವನಿ ಇಳಿಯಿತು.

"ಇದು ಕೂಸಿಂದು."

"ಯಾವ ಕೂಸು?"

"ಶೀತಲನ ಹೊಟ್ಟ್ಯಾಗ ಇದ್ದದ್ದು. ಬರೂ ಶುಕ್ರವಾರ ಬಸುರಿಗೆ ಕುಬಸ ಐತಿ. ಉಡಿ ತುಂಬೂ ಮುಂದ ಕೊಡಬೇಕಂತ ಹೊಲದು, ಪೆಟ್ಟಿಗ್ಯಾಗ ಇಟ್ಟಿದ್ದೆ. ಎಷ್ಟಾದ್ರೂ ನನ್ನ ವಂಶದ ಕೂಸು." ಅವಳು ಚೀಲದ ಕಡೆ ನೋಡಲಿಲ್ಲ. "ಸೌಮ್ಯಾ ಬಿದ್ದಳು. ನಿಮ್ಮ ವಾರ್ಡಿನಾಗ ಆ ಎಸಿ, ಹಾಳಾದ್ದು, ಮೈ ಕೊರೀತೈತಿ. ಮನ್ಯಾಗ ಇದ್ದದ್ದರಾಗ ಮೆತ್ತಂದು ಇದ. ಆ ಇನ್ನೊಬ್ಬಾಕಿಗೆ ಗೊತ್ತಾದ್ರ, ನನ್ನ ಕೂಸಿನ ಕೌದಿ ರೋಗಿಗೆ ಹೊಚ್ಚಿದಿ ಅಂತ ಮನಿ ತಲಿ ಮ್ಯಾಲ ಮಾಡ್ತಾಳ. ಅದಕ್ಕ ಹಳೇದು ಅಂದೆ."

"ಸೌಮ್ಯಾ ಏನಂದ್ಲು?"

"ಆಕಿಗೆ ಬ್ಯಾಡಾಗಿತ್ತು. ಸೆಕಿ ಅಂತ ಒದ್ದು ಒದ್ದು ತೆಗೀತಿದ್ಲು. ನಿದ್ದಿ ಹತ್ತಿದ ಮ್ಯಾಲ ನಾನ ಹೊಚ್ಚಿ, ಎಡ ಮಗ್ಗಲಿಗೆ ಸಿಗಸ್ತಿದ್ದೆ. ಇವತ್ತು ಮುಂಜಾನೆನೂ ಹೊಚ್ಚಾಕ ಹೋದ್ರ ಬ್ಯಾಡ, ಬ್ಯಾಡ ಅಂದ್ಲು. ಕೂಸಿಲ್ಲದಾಕಿ. ಕೂಸಿನ ಕೌದಿ ನೋಡಿ ಸಂಕಟ ಆಗೇತಿ ಅಂದ್ಕೊಂಡೆ."

ಬ್ಯಾಡ, ಬ್ಯಾಡ. ಆಗ ಹಾಸಿಗೆಯ ಒಂದು ಬದಿಗೆ ಡಬ್ಬಿ ಹಿಡಿದ ಶೀತಲ್ ಇದ್ದಳು. ಇನ್ನೊಂದು ಬದಿಗೆ ಕೌದಿ ಹಿಡಿದ ಗುರುಬಾಯಿ. ಆರು ಜನ ಕೇಳಿದ್ದರು, ಆರೂ ಜನ ಡಬ್ಬಿಯನ್ನೇ ನೋಡಿದ್ದರು.

ಒದ್ದು ತೆಗೆದವಳಿಗೆ ಸೆಕೆಯಾಗಿತ್ತೇ? ಸಂಕಟವಾಗಿತ್ತೇ? ಮೂರನೆಯದೊಂದು ಕಾರಣ ಶಿವಕುಮಾರಿಯ ಮನಸ್ಸಿನ ಅಂಚಿಗೆ ಬಂದು ನಿಂತಿತು. ಅವಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಕೌದಿ ಹೊಟ್ಟಿ ತುಂಬಿದ್ರೇನು?" ಎಂದಳು.

ಗುರುಬಾಯಿ ಮೊದಲ ಸಲ ಅವಳನ್ನು ತಮ್ಮವಳೆಂಬಂತೆ ನೋಡಿದಳು. "ಖಾಲಿ ಹೊಟ್ಟಿ ಕೌದಿ ಯಾರಾರ ಕೊಡತಾರೇನು? ಒಂದು ಮೂಲ್ಯಾಗ ಹಿಡಿ ಜ್ವಾಳ ಇಟ್ಟು ಹೊಲದೀನಿ."

ಅವಳ ಮಾತು ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಅಕ್ಷಯ, ಎದುರಿನ ಔಷಧ ಅಂಗಡಿಯ ಇಬ್ಬರು ಪಂಚರು, ಮೊಬೈಲ್ ಹಿಡಿದ ಪೇದೆ. ಹಿಂದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಶೀತಲ್. ಅವಳ ರಟ್ಟೆಯನ್ನು ಮಹಿಳಾ ಪೇದೆ ಹಿಡಿದಿದ್ದಳು.

ಕಿಟಕಿ ತೆರೆಸಿ, ಮಾಸ್ಕ್ ಕಟ್ಟಿ, ಎರಡು ಗ್ಲೌಸ್ ತೊಟ್ಟು ಶಿವಕುಮಾರಿ ಕೌದಿಯನ್ನು ಬಿಡಿಸಿದಳು. ಉಳಿದವರನ್ನು ದೂರ ನಿಲ್ಲಿಸಿದಳು. ಶೀತಲ್ ಕೆಂಪು ತುಂಡನ್ನು ಗುರುತಿಸಿದಳು. "ಯೇ ತೋ ನನ್ನ ಶಾದಿ ಸೀರೆದು ಪೀಸ್. ಅತ್ತೆ, ಇದು ನನ್ನ ಬಚ್ಚೆದು ಅಲ್ವಾ?"

ಮೂಲೆಯಲ್ಲಿ ಅಂಗೈಯಗಲದ ಉಬ್ಬು. ಕತ್ತರಿ ತಾಗಿಸುವ ಮುನ್ನ ಶಿವಕುಮಾರಿ ಬಗ್ಗಿ ನೋಡಿದಳು. ಉಳಿದ ಕೌದಿಯೆಲ್ಲ ಒಂದೇ ಕೈ, ಇರುವೆ ಸಾಲಿನಂಥ ಹೊಲಿಗೆ. ಶುರುವಿನ ಗಂಟೆಲ್ಲ ಬಲಕ್ಕೆ, ಕೊನೆಯ ಮರುಹೊಲಿಗೆಯೆಲ್ಲ ಎಡಕ್ಕೆ. ಈ ಉಬ್ಬಿನ ಬಾಯಿಯಲ್ಲಿ ಮಾತ್ರ ಹಳೆಯ ಹೊಲಿಗೆಯ ತೂತುಗಳು ಖಾಲಿ ಉಳಿದಿದ್ದವು. ಪಕ್ಕದಲ್ಲೇ ಹೊಸ ಸಾಲು ಓಡಿತ್ತು. ಅದರ ಗಂಟು ಎಡಕ್ಕಿತ್ತು. ಹೊಲಿಗೆ ಎಡದಿಂದ ಬಲಕ್ಕೆ ಹೋಗಿತ್ತು.

ಅವಳು ಉಬ್ಬಿನ ಇನ್ನೊಂದು ಮಗ್ಗುಲಲ್ಲಿ ಕತ್ತರಿಸಿದಳು. ಹೊಲಿಗೆ ಹಾಗೇ ಉಳಿಯಿತು.

ಬಿಳಿ ಟ್ರೇಗೆ ಉದುರಿದ್ದು ಜೋಳವಲ್ಲ. ಒದ್ದೆಯಾಗಿ ಕರಗತೊಡಗಿದ ಬೂದು ಹರಳುಗಳು. ಮಾಸ್ಕಿನೊಳಗೂ ಕೊಳೆತ ಬೆಳ್ಳುಳ್ಳಿಯ ವಾಸನೆ ನುಗ್ಗಿತು. ಪಂಚನೊಬ್ಬ ಹಿಂದೆ ಸರಿದ.

"ಕಬ್ಬಿನ ಬುಡಕ್ಕ ಹಾಕೂ ಹುಳದ ಔಷಧ," ಎಂದ ಅಕ್ಷಯ ಮೆಲ್ಲಗೆ. ಈಗ ಅವನ ಧ್ವನಿಯಲ್ಲಿ ಪೊಲೀಸ್ ಇರಲಿಲ್ಲ, ನಿಪ್ಪಾಣಿ ಇತ್ತು. ಮರುಕ್ಷಣ ಗಂಟಲು ಸರಿಮಾಡಿಕೊಂಡ. "ಕೂಸಿಗೆ ಹೊಚ್ಚೂ ಕೌದಿ. ಅಂದ್ರ ಇದು ಸೌಮ್ಯಾ ಸಲುವಾಗಿ ಇಟ್ಟದ್ದ ಅಲ್ಲ."

ಶೀತಲ್ ಗೋಡೆಗೆ ಒರಗಿದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಈ ಮೂಲಿ ಹೊಲಿದವರು ಯಾರು?" ಅಕ್ಷಯ ಗುರುಬಾಯಿಯನ್ನು ಕೇಳಿದ. "ಹತ್ರ ಬಂದು ನೋಡಿ ಹೇಳ್ರಿ. ಮುಟ್ಟಬ್ಯಾಡ್ರಿ."

ಗುರುಬಾಯಿ ಬಂದು ಬಗ್ಗಿದಳು. ಅವಳ ಬೆರಳು ಗಾಳಿಯಲ್ಲೇ ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಚಲಿಸಿ, ಕೊನೆಗೆ ಬಂದು ನಿಂತಿತು. ಹೊಲಿಗೆ ಕಲಿಸಿದವಳಿಗೆ ಕಲಿತವಳ ಕೈ ಗೊತ್ತಾಗದೆ ಇರುತ್ತದೆಯೇ?

ಶಿವಕುಮಾರಿಗೂ ಅದೇ ಕ್ಷಣ ನೆನಪಾಯಿತು. ಮೊದಲ ದಿನ ಸೌಮ್ಯಾಳ ಮೈಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ತಾನೇ ಕೇಸ್ ಪೇಪರಿನಲ್ಲಿ ಬರೆದ ಸಾಲು: ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಹೊಸ ಗುರುತು, ನಾಲ್ಕು. ಆಗ ಅದಕ್ಕೆ ಅರ್ಥವಿರಲಿಲ್ಲ. ಬಲಗೈಯಲ್ಲಿ ಬಟ್ಟೆ ಹಿಡಿದು, ಎಡಗೈಯಲ್ಲಿ ಸೂಜಿ ಓಡಿಸುವವಳಿಗೆ ಮಾತ್ರ ಅಲ್ಲಿ ಚುಚ್ಚುತ್ತದೆ. ಅವಸರದಲ್ಲಿ, ಬರಿಗೈಯಲ್ಲಿ, ಹರಳುಗಳನ್ನು ಅದೇ ಬೆರಳುಗಳಿಂದ ತುಂಬಿದ ಮೇಲೆ.

ಮೊದಲ ಸಲ ಸೌಮ್ಯಾ ಮನೆಯಲ್ಲಿ ಬಿದ್ದದ್ದು ಹಾಗೆ.

ಗುರುಬಾಯಿ ನೆಟ್ಟಗೆ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನಾನ ಹೊಲದೀನ್ರಿ ಸಾಹೇಬ್ರ."

"ನಾ ಒಳಗ ಬರೂ ಮುಂದ ಜ್ವಾಳ ತುಂಬಿ ಹೊಲದೆ ಅಂದ್ರಲ್ಲ?" ಎಂದ ಅಕ್ಷಯ.

"ಸುಳ್ಳು ಹೇಳಿದೆ. ತುಂಬಿದ್ದೂ ನಾನ, ಹೊಲದದ್ದೂ ನಾನ. ಆ ಶೀತಲ್ ನಂಗ ಆಗೂದಿಲ್ಲ. ಇಡೀ ಚಾಳ ಸಾಕ್ಷಿ ಹೇಳತೈತಿ."

"ಹಂಗಾರ ಅದನ್ನ ತಂದು ನಿಮ್ಮಣ್ಣನ ಮಗಳಿಗೆ ಯಾಕ ಹೊಚ್ಚಿದ್ರಿ?"

ಮುದುಕಿ ಒಂದು ಗಳಿಗೆ ತಡವರಿಸಿದಳು. "ವಯಸ್ಸಾತು. ಯಾವ ಕೌದಿ ಯಾವುದು, ಮರತೆ."

ಶೀತಲ್ ಅಳಲಿಲ್ಲ. ಮಹಿಳಾ ಪೇದೆಯ ಕೈ ಕೊಡವಿ ಮುಂದೆ ಬಂದು, ಅತ್ತೆಯ ಮುಖವನ್ನು ಹತ್ತಿರದಿಂದ ನೋಡಿದಳು. "ಕುಬಸಕ್ಕೆ ಹಸಿರು ಬಳೆ ತಂದಿದ್ರಿ ನೀವು," ಎಂದಳು. ಅಷ್ಟೇ ಹೇಳಿ ಹೊರಗೆ ಹೋದಳು.

ಒಳಗಿನಿಂದ ನರ್ಸ್ ಕೂಗಿದಳು. "ಮೇಡಂ, ಸೌಮ್ಯಾಳ ಎದೆ ಒಣಗಿದೆ. ಕಣ್ಣು ಬಿಟ್ಟಿದ್ದಾಳೆ. ಏನೋ ಹೇಳಬೇಕಂತೆ."

ಗುರುಬಾಯಿ ಆ ಬಾಗಿಲಿನ ಕಡೆ ನೋಡಿದಳು. ಆಮೇಲೆ ಶಿವಕುಮಾರಿಯ ಕಡೆ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಎದುರು ನಿಂತವಳನ್ನು ಅಳೆಯುವ ಹಗೆ ಇತ್ತು. ಹೊಲಿಗೆ ಓದಬಲ್ಲವಳು ಈ ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು.

ಅಕ್ಷಯ ಗಡಿಯಾರ ನೋಡಿದ. ಒಂದಕ್ಕೆ ಎರಡು ನಿಮಿಷ. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

"ನಡೀರಿ ಅಜ್ಜಿ," ಎಂದ. ಆಮೇಲೆ ಶಿವಕುಮಾರಿಯ ಕಡೆಗೆ ಕೈ ಚಾಚಿದ. "ಮ್ಯಾಡಮ್, ಕೇಸ್ ಪೇಪರ್. ಮೊದಲ ದಿನದಿಂದ ಎಲ್ಲಾ ಹಾಳಿ ಬೇಕು."

ಅವಳು ಗ್ಲೌಸ್ ಕಳಚಿ, ಕೈ ತೊಳೆದು, ಫೈಲ್ ಎತ್ತಿಕೊಂಡಳು. ಮೊದಲ ಹಾಳೆ ಮೇಲೆಯೇ ಇತ್ತು. ಕೆಳಗಿನಿಂದ ಮೂರನೆಯದು ಆ ಸೂಜಿ ಗುರುತಿನ ಸಾಲು, ಅವಳದೇ ಅಕ್ಷರ.

"ಕೊಡ್ರಿ," ಎಂದ ಅಕ್ಷಯ. ಫೈಲಿನ ಇನ್ನೊಂದು ಅಂಚು ಅವನ ಕೈಗೆ ಸಿಕ್ಕಿತ್ತು.

ಶಿವಕುಮಾರಿಯ ಹೆಬ್ಬೆರಳು ಆ ಸಾಲಿನ ಮೇಲಿತ್ತು. ಅವಳು ಅದನ್ನು ತೆಗೆಯಲಿಲ್ಲ.